ಹೊಟ್ಟೆನೋವು ಅಂತ ಹೇಳಿಬಿಡು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ, ಶುರು ಮಾಡೋಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. ಬೆಂಗಳೂರಿನ ಲೋಕಲ್ ಲೀಗ್‌ನಲ್ಲಿ ಆರು ವರ್ಷ ಗೋಲ್‌ಕೀಪರ್ ಆಗಿದ್ದೆ. ಈಗ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ವೃತ್ತಿಪರ ಆಟಗಾರರ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೆ ಮೊದಲು ನೆನಪಾಗಿದ್ದು ಹೊಟ್ಟೆನೋವು.

ನಗಬೇಡಿ. ಇಲ್ಲಿರುವವರೆಲ್ಲ ಆ ಸುಳ್ಳು ಹೇಳಿದವರೇ. ಹೋಂವರ್ಕ್ ಮಾಡಿಲ್ಲ, ಸ್ಕೂಲಿಗೆ ಹೋಗೋಕೆ ಭಯ, ಅಮ್ಮನ ಹತ್ತಿರ ಏನು ಹೇಳೋದು? ಜ್ವರ ಅಂದರೆ ಹಣೆ ಮುಟ್ಟಿ ನೋಡುತ್ತಾಳೆ. ಕಾಲುನೋವು ಅಂದರೆ ನಡೆದು ತೋರಿಸು ಅನ್ನುತ್ತಾಳೆ. ಹೊಟ್ಟೆನೋವನ್ನು ಯಾರೂ ಅಳೆದು ನೋಡೋಕಾಗಲ್ಲ, ಅಲ್ವಾ?

ನಾನು ಅದನ್ನು ಇಪ್ಪತ್ತಮೂರನೇ ವಯಸ್ಸಿನಲ್ಲಿ ಹೇಳಿದೆ. ಹಿಂದಿನ ಪಂದ್ಯದ ಕೊನೇ ನಿಮಿಷದಲ್ಲಿ, ಮಗು ಕೂಡ ಹಿಡಿಯಬಹುದಾದ ಚೆಂಡು ನನ್ನ ಕಾಲುಗಳ ನಡುವೆ ಉರುಳಿಕೊಂಡು ಹೋಗಿತ್ತು. ಆಮೇಲಿನ ಶನಿವಾರ ಕಿಟ್ ಬ್ಯಾಗ್ ಹಿಡಿದು ಬಸ್ ಸ್ಟಾಪಿಗೆ ಹೋದೆ. ನನ್ನ ಬಸ್ ಬಂತು. ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಕೈ ಬೆವರುತ್ತಿತ್ತು, ಬ್ಯಾಗಿನೊಳಗಿನ ಗ್ಲೌಸ್‌ನ ವಾಸನೆ ಬಂದರೆ ವಾಕರಿಕೆ. ಮೂರನೇ ಬಸ್ಸೂ ಹೋದ ಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಿದೆ, ಸರ್ ಹೊಟ್ಟೆನೋವು ಅಂದೆ. ಮಜ್ಜಿಗೆ ಕುಡಿದು ಮಲಗಪ್ಪ ಅಂದರು, ಪಾಪ, ಒಳ್ಳೆ ದನಿಯಲ್ಲೇ. ಭಯ ಆಗ್ತಿದೆ ಅಂದಿದ್ದರೆ ಮಜ್ಜಿಗೆ ಸಿಗುತ್ತಿರಲಿಲ್ಲ. ಮುಂದಿನ ಸೀಸನ್ ಬೇರೆ ಗೋಲ್‌ಕೀಪರ್ ಸಿಗುತ್ತಿದ್ದ ಅವರಿಗೆ.

ನನ್ನ ಕಥೆ ಇಷ್ಟೇ, ಚಿಕ್ಕದು. ಆದರೆ ಎಷ್ಟೋ ವರ್ಷ ಆದ ಮೇಲೆ ಬೋಯಾನ್ ಕ್ರ್ಕಿಚ್ ಹೇಳಿದ್ದನ್ನು ಓದಿ ಬೆಚ್ಚಿಬಿದ್ದೆ. ಬಾರ್ಸಿಲೋನಾದ ಹುಡುಗ, ಹೊಸ ಮೆಸ್ಸಿ ಅಂತ ಜನ ತಲೆ ಮೇಲೆ ಕೂರಿಸಿಕೊಂಡಿದ್ದರು. 2008ರ ಫೆಬ್ರವರಿ, ಫ್ರಾನ್ಸ್ ವಿರುದ್ಧ ಸ್ಪೇನ್‌ನ ಸೌಹಾರ್ದ ಪಂದ್ಯ, ಹುಡುಗನಿಗೆ 17 ವರ್ಷ. ಡ್ರೆಸಿಂಗ್ ರೂಮಿನಲ್ಲಿ ತಲೆ ತಿರುಗಿತು, ಆತಂಕ ಮೈಯೆಲ್ಲ ಹಿಡಿದುಬಿಟ್ಟಿತು. ಹೊರಗೆ ಕೊಟ್ಟ ಕಾರಣ ಏನು ಗೊತ್ತಾ? ಗ್ಯಾಸ್ಟ್ರೋ ಎಂಟರೈಟಿಸ್. ಅಂದರೆ ಹೊಟ್ಟೆನೋವು! ಅದೇ ಬೇಸಿಗೆಯಲ್ಲಿ ಯೂರೋ ಕಪ್‌ಗೆ ಬರೋಕಾಗಲ್ಲ ಅಂದ. ದೇಶ ಕರೆದರೆ ಈ ಹುಡುಗ ಒಲ್ಲೆ ಅಂದ ಅನ್ನೋ ಥರ ಸುದ್ದಿಯಾಯಿತು. ಆ ಕಪ್ಪನ್ನು ಸ್ಪೇನ್ ಗೆದ್ದಿತು, ಅವನು ಮನೆಯಲ್ಲಿದ್ದ. ನಿಜ ಸಂಗತಿಯನ್ನು ಬಿಡಿಸಿ ಹೇಳಿದ್ದು ಹತ್ತು ವರ್ಷ ಬಿಟ್ಟು, 2018ರಲ್ಲಿ.

ಅದೇ 2018ರಲ್ಲಿ ಇನ್ನೊಬ್ಬರ ಹೊಟ್ಟೆ ಸುದ್ದಿಯಾಯಿತು. ಪೆರ್ ಮೆರ್ಟೆಸಾಕರ್, ಆರೂವರೆ ಅಡಿಯ ಆಳು, ಜರ್ಮನಿಯ ಪರ 104 ಪಂದ್ಯ ಆಡಿದವರು, 2014ರ ವಿಶ್ವಕಪ್ ಗೆದ್ದವರು. ಪ್ರತಿ ಪಂದ್ಯದ ದಿನ ಬೇಧಿ, ಆಟ ಶುರುವಾಗುವ ಮೊದಲು ವಾಕರಿಕೆ, ಅದು ಯಾರಿಗೂ ಕಾಣಬಾರದು ಅಂತ ಮುಖ ತಿರುಗಿಸಿಕೊಳ್ಳುವುದು. ಇವರದ್ದು ಸುಳ್ಳು ಹೊಟ್ಟೆನೋವಲ್ಲ, ಭಯವೇ ಹೊಟ್ಟೆಗೆ ಇಳಿದಿತ್ತು. 2006ರಲ್ಲಿ ಸ್ವಂತ ನೆಲದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿಗೆ ಸೋತಾಗ ಬೇಜಾರಾಗಿತ್ತು ನಿಜ, ಆದರೆ ಅದಕ್ಕಿಂತ ಜಾಸ್ತಿ, ಅಬ್ಬಾ ಮುಗಿಯಿತಲ್ಲ ಅನ್ನಿಸಿತ್ತಂತೆ. ಇಷ್ಟು ಹೇಳಿದ್ದಕ್ಕೆ ಲೋಥರ್ ಮಥೆಯಸ್ ಅಂಥ ಜರ್ಮನ್ ತಂಡದ ಹಳೆಯ ನಾಯಕ, ಇಂಥವರು ಮುಂದೆ ಈ ಆಟದಲ್ಲಿ ಕೆಲಸ ಹೇಗೆ ಮಾಡುತ್ತಾರೆ ಅಂತ ಕೇಳಿದರು. ಇಂಗ್ಲೆಂಡಿನ ಅರ್ಸೆನಲ್ ಕ್ಲಬ್ ಮೆರ್ಟೆಸಾಕರ್‌ಗೆ ತನ್ನ ಅಕಾಡೆಮಿಯ ಹುಡುಗರನ್ನೇ ಒಪ್ಪಿಸಿತು. ನನಗಂತೂ ಅದಕ್ಕಿಂತ ಸರಿಯಾದ ಆಯ್ಕೆ ಕಾಣಲ್ಲ.

ಮೆರ್ಟೆಸಾಕರ್ ಚಿಕ್ಕವರಿದ್ದಾಗ ಜರ್ಮನಿಯ ಹ್ಯಾನೋವರ್ 96 ತಂಡದಲ್ಲಿ ಅವರ ಹಿಂದೆ ಗೋಲ್ ಕಾಯುತ್ತಿದ್ದವರು ರಾಬರ್ಟ್ ಎನ್ಕೆ. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಮುಖ್ಯವಾಗಿ ಇವರ ಬಗ್ಗೆ, ಸ್ವಲ್ಪ ನಿಧಾನ ಆಗುತ್ತೆ, ತಾಳ್ಮೆ ಇರಲಿ.

1998ರಲ್ಲಿ 21ನೇ ವಯಸ್ಸಿಗೆ ಎನ್ಕೆ ಬೊರುಸಿಯಾ ಮುನ್ಶೆನ್‌ಗ್ಲಾಡ್‌ಬಾಖ್ ತಂಡದ ಗೋಲ್‌ಕೀಪರ್ ಆದರು. ತಂಡ ಆಗ ನೆಲ ಕಚ್ಚುತ್ತಿತ್ತು. ಒಂದು ಪಂದ್ಯದಲ್ಲಿ ಲೆವರ್‌ಕೂಸೆನ್ 8 ಗೋಲು ಹೊಡೆಯಿತು, ಅದರ ಮುಂದಿನ ಪಂದ್ಯದಲ್ಲೇ ವೂಲ್ಫ್ಸ್‌ಬರ್ಗ್ 7. ಒಬ್ಬನೇ ಹುಡುಗ, ಎರಡು ಪಂದ್ಯ, ಬಲೆಯೊಳಗಿಂದ 15 ಸಲ ಚೆಂಡು ಎತ್ತಿಕೊಂಡು ಬಂದಿದ್ದಾನೆ. ಸ್ಟ್ರೈಕರ್ ಹತ್ತು ಚಾನ್ಸ್ ಕೈಚೆಲ್ಲಿ ಹನ್ನೊಂದನೆಯದನ್ನು ಹೊಡೆದರೆ ಹೀರೋ. ಗೋಲಿ ಹತ್ತು ತಡೆದು ಹನ್ನೊಂದನೆಯದನ್ನು ಬಿಟ್ಟರೆ ಸಂಜೆ ಟಿವಿಯಲ್ಲಿ ತೋರಿಸೋದು ಆ ಹನ್ನೊಂದನೆಯದನ್ನೇ.

ಆಮೇಲೆ ಪೋರ್ಚುಗಲ್‌ನ ಬೆನ್ಫಿಕಾ, ಮೂರು ಒಳ್ಳೆಯ ವರ್ಷ. 2002ರಲ್ಲಿ ಬಾರ್ಸಿಲೋನಾ. ಅಲ್ಲಿ ನೊವೆಲ್ಡಾ ಅನ್ನೋ ಮೂರನೇ ದರ್ಜೆಯ ಪುಟ್ಟ ತಂಡದ ಎದುರು ಕಪ್ ಪಂದ್ಯದಲ್ಲಿ 3–2ರಲ್ಲಿ ಸೋತರು. ಸೋತಿದ್ದು ಹನ್ನೊಂದು ಜನ, ಆದರೆ ಸ್ವಂತ ತಂಡದ ಫ್ರಾಂಕ್ ಡಿ ಬೋರ್ ಪತ್ರಕರ್ತರ ಮುಂದೆಯೇ ಗೋಲ್‌ಕೀಪರ್ ಕಡೆ ಬೆರಳು ತೋರಿಸಿದರು. ಬಾರ್ಸಿಲೋನಾ ಪರ ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಪಂದ್ಯ. 2003ರಲ್ಲಿ ಟರ್ಕಿಯ ಫೆನರ್‌ಬಾಹ್ಚೆಗೆ ಹೋದರು. ಮೊದಲ ಪಂದ್ಯ 0–3, ಸ್ವಂತ ಅಭಿಮಾನಿಗಳೇ ಬಾಟಲಿ, ಲೈಟರ್ ಎಸೆದರು. ಆ ಒಂದು ಪಂದ್ಯಕ್ಕೇ ಕೈಮುಗಿದು ಎನ್ಕೆ ಮನೆಗೆ ಬಂದುಬಿಟ್ಟರು. ಖಿನ್ನತೆಗೆ ಚಿಕಿತ್ಸೆ ಶುರುವಾಗಿದ್ದು ಆ ವರ್ಷ. ಗೊತ್ತಿದ್ದವರು ಬೆರಳೆಣಿಕೆಯ ಜನ.

ಆಶ್ಚರ್ಯ ಏನು ಅಂದರೆ, ಚೇತರಿಸಿಕೊಂಡರು. ಈ ಭಾಗವನ್ನು ಜನ ಮರೆತುಬಿಡುತ್ತಾರೆ. ಸ್ಪೇನ್‌ನ ಎರಡನೇ ದರ್ಜೆಯಲ್ಲಿ ಅರ್ಧ ಸೀಸನ್ ಆಡಿ, 2004ರಲ್ಲಿ ಹ್ಯಾನೋವರ್‌ಗೆ ಬಂದು, ನಿಧಾನವಾಗಿ ಜರ್ಮನಿಯ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರಾದರು, ರಾಷ್ಟ್ರೀಯ ತಂಡಕ್ಕೂ ಆಡಿದರು. ಹೃದಯದ ಕಾಯಿಲೆಯೊಂದಿಗೆ ಹುಟ್ಟಿದ ಮಗಳು ಲಾರಾ 2006ರಲ್ಲಿ, ಎರಡು ವರ್ಷ ತುಂಬಿದ ಮೇಲೆ, ತೀರಿಕೊಂಡಳು. ಕೆಲವೇ ದಿನಗಳಲ್ಲಿ ಮತ್ತೆ ಗೋಲ್ ಮುಂದೆ ನಿಂತರು. 2009ರ ಮೇ ತಿಂಗಳಲ್ಲಿ ಅವರೂ ಹೆಂಡತಿ ತೆರೇಸಾ ಅವರೂ ಒಂದು ಹೆಣ್ಣು ಮಗುವನ್ನು ದತ್ತು ತಗೊಂಡರು.

ಆ ಬೇಸಿಗೆಯ ಕೊನೆಗೆ ಕಾಯಿಲೆ ಮತ್ತೆ ಬಂತು. ಎನ್ಕೆ ಹಲವು ವಾರ ಮೈದಾನಕ್ಕೆ ಇಳಿಯಲಿಲ್ಲ. ಹೊರಗೆ ಬಂದ ಕಾರಣ? ಕರುಳಿನ ಬ್ಯಾಕ್ಟೀರಿಯಾ ಸೋಂಕು. ಮತ್ತೆ ಹೊಟ್ಟೆ, ನೋಡಿ!

ಆಸ್ಪತ್ರೆಗೆ ಸೇರಿಕೊಳ್ಳಿ ಅಂದರೆ ಎನ್ಕೆ ಒಪ್ಪಲಿಲ್ಲ. ವಿಷಯ ಹೊರಗೆ ಬಿದ್ದರೆ ಗೋಲ್‌ಕೀಪರ್ ಕೆಲಸ ಹೋಗುತ್ತೆ, ಅದಕ್ಕಿಂತ ದೊಡ್ಡದಾಗಿ, ದತ್ತು ಮಗುವನ್ನು ವಾಪಸ್ ತಗೊಂಡು ಹೋಗುತ್ತಾರೆ ಅನ್ನೋ ಭಯ. ನವೆಂಬರ್ 8ರ ಭಾನುವಾರ ಹ್ಯಾಂಬರ್ಗ್ ವಿರುದ್ಧ ಪೂರ್ತಿ ಆಡಿದರು, 2–2. ನವೆಂಬರ್ 10ರ ಮಂಗಳವಾರ ತಾವೇ ಪ್ರಾಣ ಕಳೆದುಕೊಂಡರು. ವಯಸ್ಸು 32. ಹೇಗೆ, ಎಲ್ಲಿ ಅನ್ನೋದು ಇಲ್ಲಿ ಬೇಡ.

ಮರುದಿನ ತೆರೇಸಾ ಪತ್ರಕರ್ತರ ಮುಂದೆ ಬಂದು ಕೂತು ಎಲ್ಲ ಹೇಳಿದರು. ಪ್ರೀತಿ ಇದ್ದರೆ ದಾಟಬಹುದು ಅಂದುಕೊಂಡಿದ್ದೆವು, ಯಾವಾಗಲೂ ಅದು ಸಾಕಾಗಲ್ಲ ಅಂದರು. ಹ್ಯಾನೋವರ್ ಸ್ಟೇಡಿಯಂನಲ್ಲಿ ಸುಮಾರು 40,000 ಜನ ಸೇರಿದರು, ಶವಪೆಟ್ಟಿಗೆ ಮೈದಾನದ ನಟ್ಟನಡುವೆ ಇತ್ತು. ಜರ್ಮನಿ ಒಂದು ಅಂತರರಾಷ್ಟ್ರೀಯ ಪಂದ್ಯವನ್ನೇ ರದ್ದು ಮಾಡಿತು. ಎನ್ಕೆ ಹೆಸರಲ್ಲಿ ಪ್ರತಿಷ್ಠಾನ ಶುರುವಾಯಿತು. ಇನ್ನು ಮುಂದೆ ಎಲ್ಲ ಬದಲಾಗುತ್ತೆ, ಆಟಗಾರರೇ ಮಾತಾಡಿ, ಮುಚ್ಚಿಡಬೇಡಿ ಅಂತ ಎಲ್ಲ ಕಡೆ ಕೇಳಿಬಂತು.

ಒಬ್ಬರು ಆ ಮಾತನ್ನು ನಂಬಿದರು. ಆಂಡ್ರಿಯಾಸ್ ಬೀರ್‌ಮನ್, ಸೇಂಟ್ ಪೌಲಿ ತಂಡದ ಡಿಫೆಂಡರ್. ತೆರೇಸಾ ಹೇಳಿದ ಲಕ್ಷಣಗಳನ್ನು ಕೇಳಿ, ಅರೆ ಇದು ನನ್ನದೇ ಕಾಯಿಲೆ ಅಂತ ಅವರಿಗೆ ಹೊಳೆಯಿತು. ಚಿಕಿತ್ಸೆಗೆ ಸೇರಿದರು, ನನಗೆ ಖಿನ್ನತೆ ಇದೆ ಅಂತ ಬಹಿರಂಗವಾಗಿ ಹೇಳಿದರು. ಚಪ್ಪಾಳೆ ಬಿತ್ತು. 2010ರಲ್ಲಿ ಕಾಂಟ್ರ್ಯಾಕ್ಟ್ ಮುಗಿದಾಗ ಮುಂದುವರಿಯಲಿಲ್ಲ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಮತ್ತೆ ಜಾಗ ಸಿಗಲಿಲ್ಲ. ಆಮೇಲೆ ಅವರೇ ಹೇಳಿದ್ದು, ಖಿನ್ನತೆ ಇರುವ ಆಟಗಾರನಿಗೆ ಇದನ್ನು ಬಹಿರಂಗ ಮಾಡು ಅಂತ ನಾನು ಸಲಹೆ ಕೊಡಲ್ಲ ಅಂತ. 2014ರಲ್ಲಿ, 33ನೇ ವಯಸ್ಸಿಗೆ, ಅವರೂ ಎನ್ಕೆ ಹೋದ ಹಾಗೇ ಹೋಗಿಬಿಟ್ಟರು.

ಈಗ ಹೇಳಿ. ಎನ್ಕೆ ಮುಚ್ಚಿಟ್ಟರು, ಬೀರ್‌ಮನ್ ಬಿಚ್ಚಿಟ್ಟರು. ‘ಮಾತಾಡಿ, ಮಾತಾಡಿ’ ಅಂತ ಪೋಸ್ಟರ್ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ. ಭಾನುವಾರ ಮಾತಾಡಿದವನಿಗೆ ಸೋಮವಾರ ಏನಾಗುತ್ತೆ? ಟೀಮ್ ಲಿಸ್ಟ್‌ನಲ್ಲಿ ಹೆಸರು ಇರುತ್ತಾ? ಕಾಂಟ್ರ್ಯಾಕ್ಟ್ ಉಳಿಯುತ್ತಾ? ಮೊಣಕಾಲಿನ ಲಿಗಮೆಂಟ್ ಹರಿದರೆ ಒಂಬತ್ತು ತಿಂಗಳು ಸಂಬಳ, ಸರ್ಜನ್, ಫಿಸಿಯೋ, ಜಿಮ್ಮಿನಲ್ಲಿ ಬೆವರು ಸುರಿಸುವ ವಿಡಿಯೋ, ವಾಪಸ್ ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತೆ. ಮನಸ್ಸಿಗೂ ಅಷ್ಟೇ ಕೊಡಿ, ಜಾಸ್ತಿ ಏನೂ ಬೇಡ.

ಎಷ್ಟು ಜನರಿಗೆ ಇದು ಅಂತ ಯಾರಾದರೂ ಕೇಳಬಹುದು. ಆಟಗಾರರ ಜಾಗತಿಕ ಯೂನಿಯನ್ ಫಿಫ್‌ಪ್ರೋ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆಡುತ್ತಿರುವ 607 ಜನರಲ್ಲಿ ಶೇ. 38 ಮಂದಿ ಖಿನ್ನತೆ ಅಥವಾ ಆತಂಕದ ಲಕ್ಷಣ ಇದೆ ಅಂದರು. ಹನ್ನೊಂದು ಜನರ ತಂಡದಲ್ಲಿ ನಾಲ್ವರು. ಮೂರು ಅಥವಾ ಜಾಸ್ತಿ ಸಲ ದೊಡ್ಡ ಗಾಯ ಆದವರಿಗೆ ಇದು ಬರುವ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು. ಕೋವಿಡ್ ಲಾಕ್‌ಡೌನ್‌ನಲ್ಲಿ, 2020ರಲ್ಲಿ, ಮತ್ತೆ ಕೇಳಿದಾಗ ಖಿನ್ನತೆಯ ಲಕ್ಷಣ ಇದ್ದವರು ಗಂಡಸರಲ್ಲಿ ಶೇ. 13, ಹೆಂಗಸರಲ್ಲಿ ಶೇ. 22. ನಾಳೆ ಕೆಲಸ ಇರುತ್ತೋ ಇಲ್ಲವೋ ಅನ್ನೋ ಚಿಂತೆ ಇದ್ದವರಿಗೇ ಇದು ಜಾಸ್ತಿ ಕಾಡಿತ್ತು. ಮನೆಬಾಡಿಗೆ ಕಟ್ಟುವ ನಮಗೆ ಇದೇನು ಹೊಸ ವಿಷಯ ಅಲ್ಲ ಬಿಡಿ.

ಇಲ್ಲೊಂದು ತಮಾಷೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ 2018ರಿಂದ ಕೆಲವು ವರ್ಷ ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಮೂರು ಡಿವಿಷನ್‌ಗಳ ಆಟಗಾರರ ಜೆರ್ಸಿ ಮೇಲೆ, ಬೆನ್ನಿನ ಹೆಸರಿನ ಜೊತೆಗೆ, ‘ಮೈಂಡ್’ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆಯ ಗುರುತು ಇರುತ್ತಿತ್ತು. ಒಳ್ಳೇದೇ. ಆದರೆ ಅದೇ ಲೀಗ್‌ಗೆ ಹೆಸರು ಕೊಟ್ಟಿದ್ದು ಸ್ಕೈ ಬೆಟ್, ಬೆಟ್ಟಿಂಗ್ ಕಂಪನಿ. 2023ರಲ್ಲಿ ಇಂಗ್ಲೆಂಡಿನ ಸ್ಟ್ರೈಕರ್ ಐವನ್ ಟೋನಿಗೆ ಬೆಟ್ಟಿಂಗ್ ಆಡಿದ್ದಕ್ಕೆ ಎಂಟು ತಿಂಗಳು ನಿಷೇಧ ಬಿತ್ತು. ಜೂಜಿನ ಚಟ ಅವರಿಗೆ ಕಾಯಿಲೆಯ ಹಾಗೆ ಅಂಟಿತ್ತು ಅಂತ ತಜ್ಞರು ಹೇಳಿದ್ದರು.

ಕಾಗದದ ಮೇಲೆ ಬರೆದರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದ ಒಂದು ಉದಾಹರಣೆ ಕೊಡುತ್ತೇನೆ. ಗರ್ಭಿಣಿಯಾದ ಆಟಗಾರ್ತಿಗೆ ಕನಿಷ್ಠ 14 ವಾರ ಸಂಬಳದ ರಜೆ ಅನ್ನೋ ಫಿಫಾ ನಿಯಮ 2021ರಲ್ಲಿ ಜಾರಿಗೆ ಬಂತು. ಐಸ್‌ಲ್ಯಾಂಡಿನ ಸಾರಾ ಬ್ಯೋರ್ಕ್ ಗುನ್ನರ್ಸ್‌ದೊತ್ತಿರ್ ಬಸುರಿಯಾದಾಗ ಫ್ರಾನ್ಸ್‌ನ ಲಿಯೋನ್ ಕ್ಲಬ್ ಪೂರ್ತಿ ಸಂಬಳ ಕೊಡಲಿಲ್ಲ. ಯೂನಿಯನ್ ಜೊತೆ ಸೇರಿ ಕೇಸ್ ಹಾಕಿದರು, ಗೆದ್ದರು, ಕ್ಲಬ್ 82,000 ಯೂರೋಗಿಂತ ಜಾಸ್ತಿ ಕೊಡಬೇಕಾಯಿತು. ಇಲ್ಲಿ ಯಾರ ಮನಸ್ಸು ಕರಗಿಯೂ ಅಲ್ಲ, ನಿಯಮ ಇತ್ತು ಅಂತ ದುಡ್ಡು ಬಂತು.

ನಮ್ಮೂರಿಗೆ ಬರೋಣ. 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ನಡೆಯುತ್ತೋ ಇಲ್ಲವೋ ಅನ್ನೋ ಸ್ಥಿತಿ ಬಂದಾಗ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. ಕ್ಲಬ್‌ನ ಕಷ್ಟ ಕ್ಲಬ್‌ಗೆ ಇತ್ತು, ಅದನ್ನು ಬೈಯೋಕೆ ನಾನು ಬಂದಿಲ್ಲ. ಸುನಿಲ್ ಛೆಟ್ರಿ ಹೇಗೋ ನಿಭಾಯಿಸಿಯಾರು. ಅದೇ ಡ್ರೆಸಿಂಗ್ ರೂಮಿನಲ್ಲಿ ಕಿಟ್ ಒಗೆಯುವವರೂ ಮಸಾಜ್ ಮಾಡುವವರೂ ಇರುತ್ತಾರೆ, ಇಎಂಐ ಇರುವ ಹುಡುಗರು ಇರುತ್ತಾರೆ. ಅವರ ಮುಂದೆ ನಿಂತು ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದರೆ ನಾನಾಗಿದ್ದರೆ ಬೂಟು ಎಸೆಯುತ್ತಿದ್ದೆ.

ಅಂದಹಾಗೆ, ಇಲ್ಲಿ ಯಾರಿಗಾದರೂ ಬೇಕಾದರೆ ಬರೆದುಕೊಳ್ಳಿ, 14416. ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, 2022ರಿಂದ ನಡೆಯುತ್ತಿದೆ, ನಮ್ಮ ನಿಮ್ಹಾನ್ಸ್ ಇದರ ಹಿಂದಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಟೀಮ್‌ಗೆ ಗೊತ್ತಾಗಲ್ಲ, ಕೋಚ್‌ಗೆ ಗೊತ್ತಾಗಲ್ಲ.

ಕೊನೆಗೆ ನನ್ನ ಭಾನುವಾರದ ಹುಡುಗರ ವಿಷಯ. ಹದಿನಾಲ್ಕು ವರ್ಷದ ಒಬ್ಬ ಗೋಲಿ ಇದ್ದಾನೆ, ಉದ್ದ ಕೈ, ಮಾತು ಕಮ್ಮಿ. ಎರಡು ತಿಂಗಳ ಹಿಂದೆ ಒಂದು ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಬಂದು, ಸರ್ ಹೊಟ್ಟೆನೋವು ಅಂದ. ಒಂದು ಗ್ಲೌಸ್ ಹಾಕಿದ್ದ, ಇನ್ನೊಂದು ಕೈಯಲ್ಲಿ ಹಿಂಡುತ್ತಿದ್ದ. ನಾನು ಕೇಳಿದೆ, ಮಜ್ಜಿಗೆ ಕುಡಿದರೆ ಹೋಗುವ ಥರದ್ದಾ, ಹೋಗದ ಥರದ್ದಾ? ತುಂಬ ಹೊತ್ತು ಸುಮ್ನೆ ನಿಂತಿದ್ದ. ಹೋಗದ ಥರದ್ದು ಸರ್ ಅಂದ. ಸರಿ, ಇವತ್ತು ನನ್ನ ಪಕ್ಕ ಕೂತ್ಕೋ, ಮುಂದಿನ ವಾರ ನಿಂದೇ ಗೋಲು ಅಂದೆ. ವಾಟರ್ ಕ್ಯಾನ್ ಮೇಲೆ ಕೂತು ಪೂರ್ತಿ ಪಂದ್ಯ ನೋಡಿದ. ಮಧ್ಯದಲ್ಲಿ ಎರಡು ಸಲ ಕೇಳಿದ, ನಿಜವಾಗಲೂ ನಂದೇನಾ ಸರ್?

ಮುಂದಿನ ಭಾನುವಾರ ಲಿಸ್ಟ್ ಬರೆಯುವಾಗ ಒಬ್ಬ ಅಪ್ಪ ಪಕ್ಕಕ್ಕೆ ಬಂದು, ಹೋದ ವಾರ ಹೆದರಿದವನನ್ನು ಯಾಕೆ ಹಾಕ್ತೀರಾ, ಇದು ಸೆಮಿಫೈನಲ್ ಅಂದರು. ಒಂದನೇ ನಂಬರ್ ಎದುರು ಅವನ ಹೆಸರೇ ಬರೆದೆ. 4–1ರಲ್ಲಿ ಸೋತೆವು, ಅದರಲ್ಲಿ ಒಂದು ಗೋಲಂತೂ ಪೂರ್ತಿ ಅವನದ್ದೇ ತಪ್ಪು. ಅದರ ಮುಂದಿನ ವಾರದ ಲಿಸ್ಟ್‌ನಲ್ಲೂ ಅವನ ಹೆಸರು ಅಲ್ಲೇ ಇತ್ತು.

ಯಾರಿಗಾದರೂ ಏನಾದರೂ ಕೇಳೋದಿದ್ದರೆ ಕೇಳಿ. ಗೋಲ್‌ಕೀಪರ್‌ಗಳು ಮೊದಲು.