ಠರಾವು ಪುಸ್ತಕದಲ್ಲಿ ಮಗು ಎಲ್ಲಿದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಕ್ಕಳ ಪಾಲನಾ ಸಂಸ್ಥೆಗಳಿಂದ ಬಂದಿರುವ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಆಡಳಿತ ಮಂಡಳಿಯ ಸದಸ್ಯರಿಗೆ ನಮಸ್ಕಾರ. ಕೆಲವು ಸೂಪರಿಂಟೆಂಡೆಂಟರೂ ಬಂದಿದ್ದೀರಿ. ಇವತ್ತಿನ ಮಾತು ನಿಮ್ಮ ಮೇಲಿನವರ ಬಗ್ಗೆ. ಹಾಗಾಗಿ ನೀವು ಆರಾಮವಾಗಿ ಕೂತು ಕೇಳಬಹುದು.

ಯಾವುದೇ ಸಂಸ್ಥೆಯ ಠರಾವು ಪುಸ್ತಕ ತೆರೆದು ನೋಡಿ. ಕಾಂಪೌಂಡ್ ಗೋಡೆ, ಬೋರಿನ ಮೋಟಾರು, ಸಂಕ್ರಮಣದ ಜಾತ್ರೆಯ ಹೊತ್ತಿಗೆ ಬಂದ ದೇಣಿಗೆ, ಆಡಿಟರ್ ಫೀ, ಅಧ್ಯಕ್ಷರಿಗೆ ಅಭಿನಂದನೆ. ಹತ್ತು ಪುಟ ತಿರುವಿದ ಮೇಲೆ ಮಕ್ಕಳ ಬಗ್ಗೆ ಒಂದು ಸಾಲು ಸಿಗುತ್ತದೆ: ‘ಮಕ್ಕಳ ಸಂಖ್ಯೆ 48, ಎಲ್ಲರೂ ಕ್ಷೇಮ.’ ಆ 48 ಮಕ್ಕಳಲ್ಲಿ ಒಬ್ಬೊಬ್ಬರೂ ಇನ್ನೂ ಇಲ್ಲೇ ಯಾಕಿದ್ದಾರೆ ಎಂದು ಮಂಡಳಿ ಕೇಳಿದ ದಾಖಲೆ ಮಾತ್ರ ಆ ಪುಸ್ತಕದಲ್ಲಿರುವುದಿಲ್ಲ. ಮಂಡಳಿಯ ಮುಖ್ಯ ಕೆಲಸವೇ ಅದನ್ನು ಕೇಳುವುದು ಎಂಬುದು ನಮ್ಮ ವಾದ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಸಮಿತಿ’ ಎಂದ ಕೂಡಲೇ ಮೂರು ಬೇರೆ ಬೇರೆ ಸಮಿತಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ನಿಮ್ಮದು ಆಡಳಿತ ಮಂಡಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿಯಾದ ಸಂಘದ ಮಂಡಳಿ ಅದು. ಅಂಥ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಎರಡನೆಯದು ನಿರ್ವಹಣಾ ಸಮಿತಿ. 2016ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ ಇದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಅಧ್ಯಕ್ಷರು, ಸೂಪರಿಂಟೆಂಡೆಂಟರು ಸದಸ್ಯ ಕಾರ್ಯದರ್ಶಿ. ಮಕ್ಕಳ ಪ್ರತಿನಿಧಿಗಳೂ ಇದರಲ್ಲಿ ಕೂರುತ್ತಾರೆ, ಇದು ತಿಂಗಳಿಗೊಮ್ಮೆ ಸೇರಬೇಕು. ಮೂರನೆಯದು ಮಕ್ಕಳ ಕಲ್ಯಾಣ ಸಮಿತಿ: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಮ್ಯಾಜಿಸ್ಟ್ರೇಟರ ಅಧಿಕಾರ. ಮಗುವನ್ನು ಒಳಗೆ ಕಳಿಸುವುದು, ಹೊರಗೆ ಬಿಡುವುದು ಅವರ ಆದೇಶದಿಂದ. 2021ರ ತಿದ್ದುಪಡಿಯ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಯ ಆಡಳಿತದಲ್ಲಿರುವವರು ಕಲ್ಯಾಣ ಸಮಿತಿಯ ಸದಸ್ಯರಾಗುವಂತಿಲ್ಲ. ‘ನಮ್ಮವರೊಬ್ಬರು ಸಮಿತಿಯಾಗ ಇದ್ರ ಕೆಲಸ ಸಲೀಸು’ ಎನ್ನುವ ಹಳೆಯ ಲೆಕ್ಕ ಇನ್ನು ನಡೆಯದು. ಎಂದೂ ನಡೆಯಬಾರದಿತ್ತು.

ನಿರ್ವಹಣಾ ಸಮಿತಿಯ ಸಭೆ ಆಗಿದೆಯೆಂದು ಆಡಳಿತ ಮಂಡಳಿ ಸುಮ್ಮನಿರುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಆ ಸಮಿತಿಯ ನಡಾವಳಿ ಪ್ರತಿ ಬಾರಿಯೂ ನಿಮ್ಮ ಮೇಜಿಗೆ ಬರಬೇಕು. ಮೂರು ತಿಂಗಳ ಮಂಡಳಿ ಸಭೆಗೆ ಮೂರು ನಡಾವಳಿ. ಎರಡೇ ಬಂದಿದ್ದರೆ ಮೂರನೆಯ ತಿಂಗಳು ಸಭೆ ಆಗಲಿಲ್ಲವೋ, ಆಗಿದ್ದನ್ನು ಬರೆಯಲಿಲ್ಲವೋ ಕೇಳಿ.

‘ನಾವು ಹೆಸರಿಗಷ್ಟ ಅದೇವ್ರೀ, ಎಲ್ಲಾ ಕಾರ್ಯದರ್ಶಿಗಳೇ ನೋಡ್ಕೊಳ್ತಾರ’ ಎನ್ನುವ ಸದಸ್ಯರಿಗೆ ಕಾನೂನು ಸ್ವಲ್ಪ ನೆನಪಿಸಬೇಕು. ಬಾಲನ್ಯಾಯ ಕಾಯ್ದೆ 2015ರ 41ನೇ ಕಲಂ ಪ್ರಕಾರ ಸಂಸ್ಥೆಗೆ ಪ್ರತ್ಯೇಕ ನೋಂದಣಿ ಬೇಕು, ಅದರ ಅವಧಿ ಐದು ವರ್ಷ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸಜೆ, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. 75ನೇ ಕಲಂ ಮಗುವಿನ ಮೇಲಿನ ಕ್ರೌರ್ಯದ್ದು. ಸಂಸ್ಥೆಯ ನೌಕರರು ‘ಅಥವಾ ಆಡಳಿತ ನಡೆಸುವವರು’ ತಪ್ಪಿತಸ್ಥರಾದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ 21ನೇ ಕಲಮಿನಡಿ, ತನ್ನ ಕೈಕೆಳಗಿನವನ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ‘ಮೊದಲು ಮಂಡಳಿ ಸಭೆ ಕರೆದು ವಿಚಾರಿಸೋಣ’ ಎನ್ನಲು ಇಲ್ಲಿ ಅವಕಾಶವಿಲ್ಲ. ಪೊಲೀಸರಿಗೆ ತಿಳಿಸುವುದು ಮೊದಲು, ಮಂಡಳಿ ಸಭೆ ಆಮೇಲೆ. ಸಂಸ್ಥೆಯ ಮರ್ಯಾದೆಯ ಮಾತು ಎತ್ತುವ ಸದಸ್ಯರಿದ್ದರೆ ಅವರ ಮಾತನ್ನೂ ನಡಾವಳಿಯಲ್ಲಿ ಹೆಸರು ಸಹಿತ ಬರೆಸಿ. ಬಹಳ ಜನ ಆಗ ಸುಮ್ಮನಾಗುತ್ತಾರೆ.

ಈಗ ಮಗು ಇನ್ನೂ ಯಾಕಿದೆ ಎಂಬ ಪ್ರಶ್ನೆಗೆ ಬರೋಣ. ನಮ್ಮ ಭಾಗದಲ್ಲಿ ಇದಕ್ಕೆ ಒಂದು ಹಂಗಾಮಿದೆ. ಕಬ್ಬಿನ ಹಂಗಾಮು ಶುರುವಾದೊಡನೆ ಕಟಾವಿಗೆ ಗುಳೆ ಹೋಗುವ ಕುಟುಂಬಗಳು ಮಕ್ಕಳನ್ನು ಕರೆತಂದು ಗೇಟಿನಲ್ಲಿ ನಿಲ್ಲುತ್ತವೆ. ‘ಆರು ತಿಂಗಳು ಇಟ್ಕೊಳ್ರಿ, ಯುಗಾದಿಗೆ ಬರ್ತೀವಿ.’ ಮನಸ್ಸು ಕರಗುತ್ತದೆ. ಆದರೆ ಕಲ್ಯಾಣ ಸಮಿತಿಯ ಆದೇಶವಿಲ್ಲದೆ ಒಂದು ಮಗುವನ್ನೂ ಇಟ್ಟುಕೊಳ್ಳುವಂತಿಲ್ಲ. ರಕ್ಷಣೆ ಬೇಕಾದ ಮಗು ಕೈಗೆ ಬಂದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಗುಳೆ ಹೋಗುವವರ ಮಗುವಿಗೆ ಬೇಕಾದ್ದು ಶಾಲೆ ಮತ್ತು ಹಂಗಾಮಿನ ವಸತಿ. ಅದಕ್ಕೆ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನಿಕ ವಸತಿಯ ಅವಕಾಶವಿದೆ, ಸರ್ಕಾರಿ ಹಾಸ್ಟೆಲುಗಳಿವೆ. ಅಪ್ಪ, ಅವ್ವ ಇಬ್ಬರೂ ಇರುವ ಮಗುವನ್ನು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಎಂದು ಬರೆದುಕೊಂಡರೆ ಯುಗಾದಿಗೆ ಬಂದ ತಾಯಿ ತನ್ನ ಮಗುವನ್ನು ಬಿಡಿಸಿಕೊಳ್ಳಲು ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ.

ಇಲ್ಲಿ ಮಂಡಳಿಗೇ ಒಂದು ಹಿತಾಸಕ್ತಿಯ ತೊಡಕಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಸಂಸ್ಥೆಯಲ್ಲಿರುವ ಮಗುವಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ ಲೆಕ್ಕ. 48 ಮಕ್ಕಳಲ್ಲಿ 10 ಮಕ್ಕಳು ಮನೆಗೆ ಹೋದರೆ ಸಂಸ್ಥೆಗೆ ತಿಂಗಳಿಗೆ 30,000, ವರ್ಷಕ್ಕೆ 3,60,000 ಖೋತಾ. ಅಡುಗೆಯವರ ಪಗಾರ, ಕರೆಂಟು ಬಿಲ್ಲು ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆಗ ಖಜಾಂಚಿಯ ಮನಸ್ಸಿನಲ್ಲಿ ಮಗು ತಲೆಲೆಕ್ಕ ಆಗಿಬಿಡುತ್ತದೆ. ಯಾರೂ ಕೆಟ್ಟವರಾಗಿ ಹೀಗೆ ಮಾಡುವುದಿಲ್ಲ, ಲೆಕ್ಕವೇ ಆ ಕಡೆ ಎಳೆಯುತ್ತದೆ. ಅದೇ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗು ಸ್ವಂತ ಮನೆಯಲ್ಲೇ ಇದ್ದರೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡ ಸತ್ತ ಅಥವಾ ಗಂಡ ಬಿಟ್ಟ ತಾಯಿ, ಅಜ್ಜಿಯ ಮನೆಯಲ್ಲಿರುವ ಅನಾಥ ಮಗು, ದೊಡ್ಡ ಕಾಯಿಲೆಯಿಂದ ದುಡಿಯಲಾಗದ ತಂದೆ, ಇಂಥ ಕುಟುಂಬಗಳಿಗೆ ಇದು. ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000. ಬಾಲನ್ಯಾಯ ಕಾಯ್ದೆಯ 3ನೇ ಕಲಮಿನ ತತ್ವಗಳಲ್ಲಿ ಸಂಸ್ಥೆ ಎಂಬುದು ಕಟ್ಟಕಡೆಯ ಆಸರೆ ಎಂದು ಬರೆದಿದೆ. ಹಾಗಾಗಿ ಮಂಡಳಿ ವರ್ಷದ ಮೊದಲ ಸಭೆಯಲ್ಲೇ ಒಂದು ಠರಾವು ಮಾಡಿಟ್ಟುಕೊಳ್ಳಲಿ: ಮಕ್ಕಳ ಸಂಖ್ಯೆ ಇಳಿದರೆ ಆಗುವ ಕೊರತೆಯನ್ನು ದೇಣಿಗೆಯ ನಿಧಿಯಿಂದ ತುಂಬುವುದು, ಸೂಪರಿಂಟೆಂಡೆಂಟರನ್ನು ಅದಕ್ಕಾಗಿ ಪ್ರಶ್ನಿಸದಿರುವುದು.

ಸಭೆಗೆ ಬರಬೇಕಾದ ಕಾಗದ ಒಂದೇ ಹಾಳೆ ಸಾಕು, ಆದರೆ ಏಳು ದಿನ ಮುಂಚೆ ಕೈಸೇರಬೇಕು. ತ್ರೈಮಾಸಿಕದ ಮೊದಲ ದಿನ ಎಷ್ಟು ಮಕ್ಕಳು, ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಎಲ್ಲಿಗೆ ಹೋದರು. ಆರು ತಿಂಗಳು ದಾಟಿದವರು, ಒಂದು ವರ್ಷ, ಎರಡು ವರ್ಷ ದಾಟಿದವರು. ಕಳೆದ ಮೂರು ತಿಂಗಳಲ್ಲಿ ಮನೆಯವರು ಯಾರ್‍ಯಾರನ್ನು ನೋಡಲು ಬಂದರು. ಮಗುವಿನ ಮನೆಯ ಸ್ಥಿತಿಗತಿ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿಗೆ ಕಾಯ್ದೆ ಕೊಡುವುದು 15 ದಿನ, ಸಮಿತಿಯ ಅಂತಿಮ ಆದೇಶಕ್ಕೆ ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳು. ಯಾವ ಮಗುವಿನ ಕಡತ ಈ ಗಡುವು ದಾಟಿದೆ? ಪ್ರಗತಿ ವರದಿ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರೆಯಬೇಕು. ಬರೆದಿದ್ದಾರೆಯೇ? ಹಾಳೆಯಲ್ಲಿ ಮಗುವಿನ ಹೆಸರು ಬೇಡ, ಕಡತದ ಸಂಖ್ಯೆ ಸಾಕು. ಮಂಡಳಿಯ ಕಾಗದ ಪತ್ರಗಳು ಸದಸ್ಯರ ಮನೆಗೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತವೆ.

ಗಡುವು ದಾಟಿದ ಕಡತಕ್ಕೆ ಕಾರಣ ಹುಡುಕಿದರೆ ಹೆಚ್ಚಾಗಿ ಸಿಗುವುದು ಸೋಮಾರಿತನವಲ್ಲ, ಒಂದೊಂದು ಮಗುವಿನ ಕಡತ ನೋಡಿಕೊಳ್ಳುವ ಕೇಸ್ ವರ್ಕರ್ ಕೊರತೆ. ಮಾದರಿ ನಿಯಮಗಳು 100 ಮಕ್ಕಳ ಸಂಸ್ಥೆಗೆ ಮೂವರು ಕೇಸ್ ವರ್ಕರ್ ಅಥವಾ ಕಲ್ಯಾಣಾಧಿಕಾರಿಗಳನ್ನು ಹೇಳುತ್ತವೆ. ಅಂದರೆ ಒಬ್ಬರಿಗೆ 33 ಮಕ್ಕಳು. ಹಣ ಬಿಗಿಯಾದಾಗ ಮಂಡಳಿ ಮೊದಲು ಖಾಲಿ ಬಿಡುವುದು ಈ ಹುದ್ದೆಯನ್ನೇ. ಅಡುಗೆಯವರಿಲ್ಲದಿದ್ದರೆ ಮಧ್ಯಾಹ್ನವೇ ಗೊತ್ತಾಗುತ್ತದೆ, ಕೇಸ್ ವರ್ಕರ್ ಇಲ್ಲದಿದ್ದರೆ ಎರಡು ವರ್ಷದ ಮೇಲೆ. ಜೊತೆಗೆ ನಮ್ಮ ಭಾಗದ ಭಾಷೆಯ ತೊಡಕಿದೆ. ವಿಜಯಪುರದ ತಾಂಡಾಗಳ ಮಗುವಿಗೆ ಲಂಬಾಣಿ, ಗಡಿಯ ಮಗುವಿಗೆ ಮರಾಠಿ. ಸೊಲ್ಲಾಪುರದ ಕಡೆಯಿಂದ ವಿಜಯಪುರಕ್ಕೋ, ಮೀರಜ್ ಕಡೆಯಿಂದ ಬೆಳಗಾವಿಗೋ ರೈಲಿನಲ್ಲಿ ಬಂದಿಳಿದ ಮಗು ಕನ್ನಡದ ಪ್ರಶ್ನೆಗೆ ತಲೆ ಅಲ್ಲಾಡಿಸಿದ್ದನ್ನೇ ಉತ್ತರ ಎಂದು ಬರೆದುಕೊಂಡರೆ ಊರೇ ತಪ್ಪುತ್ತದೆ. ನೇಮಕಾತಿಯ ಜಾಹೀರಾತಿನಲ್ಲಿ ಪದವಿಯ ಪಕ್ಕದಲ್ಲೇ ಭಾಷೆಯನ್ನೂ ಕೇಳಿ.

ದೇವದಾಸಿ ಪದ್ಧತಿಗೆ ಸಿಕ್ಕ ಕುಟುಂಬಗಳ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 1982ರ ಕಾಯ್ದೆ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ಅಪರಾಧ ಮಾಡಿದೆ. ಆದರೆ ಆ ತಾಯಿಯ ಮಗು ತಾನಾಗಿಯೇ ‘ತಾಯಿಯಿಂದ ಬಿಡಿಸಬೇಕಾದ ಮಗು’ ಆಗುವುದಿಲ್ಲ. ಪ್ರಾಯೋಜಕತ್ವಕ್ಕೆ ಮೊದಲು ನಿಲ್ಲಬೇಕಾದ ಅರ್ಜಿಗಳಲ್ಲಿ ಅವರದ್ದೂ ಒಂದು.

ಸದಸ್ಯರ ಭೇಟಿಗೆ ಬರೋಣ. ತಿಂಗಳಿಗೆ ಇಬ್ಬರಂತೆ ಪಾಳಿ ಹಾಕಿ, ಅದರಲ್ಲಿ ಒಬ್ಬರು ಮಹಿಳೆ. ಹೇಳದೆ ಹೋಗಿ, ಊಟದ ಹೊತ್ತಿಗೆ ಅಥವಾ ಸಂಜೆ ಏಳರ ಮೇಲೆ. ನೋಡಬೇಕಾದ್ದು ಅಳತೆ: ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ, ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಸ್ನಾನದ ಮನೆ. ಶೌಚಾಲಯದ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಕೈಯಿಂದಲೇ ನೋಡಿ. ದೂರು ಪೆಟ್ಟಿಗೆ ಆಫೀಸಿನ ಪಕ್ಕದಲ್ಲಿದ್ದರೆ ಅದು ಖಾಲಿಯೇ ಇರುತ್ತದೆ, ಮಕ್ಕಳ ಕೋಣೆಗಳ ಹತ್ತಿರ ಇರಬೇಕು. ಅದರ ಬೀಗದಕೈ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ, ತೆರೆಯುವುದು ವಾರಕ್ಕೊಮ್ಮೆ, ಮಕ್ಕಳೇ ಸದಸ್ಯರಾಗಿರುವ ಮಕ್ಕಳ ಸಮಿತಿಯ ಎದುರಿಗೆ. ಭೇಟಿಯಲ್ಲಿ ಅಡುಗೆಯವರಿಗೆ, ಗೃಹಮಾತೆಗೆ ನೇರವಾಗಿ ಆದೇಶ ಕೊಡಬೇಡಿ. ಕಂಡದ್ದನ್ನು ಬರೆದು ಸೂಪರಿಂಟೆಂಡೆಂಟರಿಗೆ ಕೊಡಿ. ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಯಾವ ಮಗುವಿನ ಜೊತೆಗೂ ಕೂರಬೇಡಿ, ನೀವು ಎಷ್ಟೇ ಹಿರಿಯರಾಗಿರಿ.

ಫೋಟೊ ವಿಷಯ ಹೇಳಲೇಬೇಕು. ದಾನಿಗಳ ಹುಟ್ಟುಹಬ್ಬ, ಕೇಕು, ಸಾಲಾಗಿ ನಿಂತ ಮಕ್ಕಳು, ಸಂಜೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ, ಮರುದಿನ ಪತ್ರಿಕೆಯಲ್ಲಿ. ಮಗುವಿನ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಸಜೆ, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ದಾನಿಗೆ ರಸೀದಿ ಕೊಡಿ, ಧನ್ಯವಾದ ಪತ್ರ ಕೊಡಿ, ಬೇಕಿದ್ದರೆ ಕಟ್ಟಡದ ಫೋಟೊ ಕೊಡಿ.

ಹಣದ ಬಗ್ಗೆ ಬೇಗ ಮುಗಿಸುತ್ತೇವೆ, ಅದು ನಿಮಗೆ ಗೊತ್ತಿರುವಂಥದ್ದೇ. ಅನುದಾನದ ಕಂತು ತಡವಾಗುತ್ತದೆ. ಆರು ತಿಂಗಳ ಖರ್ಚು ಕೈಯಲ್ಲಿರಬೇಕು. ತಿಂಗಳಿಗೆ ಮೂರು ಲಕ್ಷ ಖರ್ಚಿನ ಸಂಸ್ಥೆಗೆ 18 ಲಕ್ಷ. ಅದು ಕೂಡುವವರೆಗೆ ಹೊಸ ಸಭಾಭವನದ ಮಾತು ಬೇಡ. 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ರಸೀದಿ ಹರಿಯುವ ಮುಂಚೆಯೇ ಹೇಳಿ. ಕಟ್ಟಡ ಅಧ್ಯಕ್ಷರದ್ದೇ ಆಗಿದ್ದು ಬಾಡಿಗೆ ಅವರಿಗೇ ಹೋಗುತ್ತಿದ್ದರೆ, ಬಾಡಿಗೆ ನಿಗದಿಯಾಗುವ ಸಭೆಯಲ್ಲಿ ಅವರು ಎದ್ದು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ಬರೆದಿರಬೇಕು.

ಸಂಸ್ಥೆಗಳನ್ನು ಹಣದ ಕೊರತೆಗಿಂತ ಬೇಗ ಮುಳುಗಿಸುವುದು ಮಂಡಳಿಯ ಜಗಳ. ಆಗುವುದು ಹೀಗೆ. ಸಂಸ್ಥಾಪಕರು ತೀರಿಕೊಳ್ಳುತ್ತಾರೆ. ಚೆಕ್ಕಿಗೆ ಸಹಿ ಮಾಡುವವರು ಇಬ್ಬರಲ್ಲಿ ಒಬ್ಬರು ಅವರೇ. ವಾರ್ಷಿಕ ಸಾಮಾನ್ಯ ಸಭೆ ಎರಡು ವರ್ಷ ಆಗಿರುವುದಿಲ್ಲ. ಎರಡು ಗುಂಪುಗಳು ಎರಡು ಸಭೆ ನಡೆಸಿ ಎರಡು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡುತ್ತವೆ. ಬ್ಯಾಂಕು ಖಾತೆ ತಡೆಹಿಡಿಯುತ್ತದೆ. ಹದಿನೈದನೇ ದಿನಕ್ಕೆ ಕಿರಾಣಿ ಅಂಗಡಿಯವರು ಉದ್ದರಿ ನಿಲ್ಲಿಸುತ್ತಾರೆ. ಜಗಳ ಬೆಳೆದರೆ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನ ವಿಚಾರಣೆ, ಕೊನೆಗೆ 27-ಎ ಅಡಿ ಆಡಳಿತಾಧಿಕಾರಿ. ಇದಕ್ಕೆ ಮದ್ದು ಸಣ್ಣದು. ಸಹಿದಾರರು ಮೂವರಿರಲಿ, ಯಾರಾದರೂ ಇಬ್ಬರ ಸಹಿಗೆ ಹಣ ಬರಲಿ. ಮೂವರೂ ಒಂದೇ ಮನೆಯವರಾಗದಿರಲಿ. ಸಾಮಾನ್ಯ ಸಭೆ ಪ್ರತಿ ವರ್ಷ ನಡೆಯಲಿ, ನಡೆದ 14 ದಿನದೊಳಗೆ ಲೆಕ್ಕಪರಿಶೋಧಿತ ಪತ್ರ ಮತ್ತು ಮಂಡಳಿಯ ಪಟ್ಟಿ ಸಲ್ಲಿಕೆಯಾಗಲಿ, ಸ್ವೀಕೃತಿಯ ಪ್ರತಿ ಕಡತದಲ್ಲಿರಲಿ.

ಯಾರು ಮಂಡಳಿಯಲ್ಲಿರಬೇಕು? ಒಂಬತ್ತು ಜನ ಸಾಕು. ಮಕ್ಕಳ ವೈದ್ಯರು, ಈ ಕಾಯ್ದೆಗಳು ಗೊತ್ತಿರುವ ವಕೀಲರು, ನಿವೃತ್ತ ಮುಖ್ಯೋಪಾಧ್ಯಾಯಿನಿ, ಲೆಕ್ಕ ಬಲ್ಲವರು, ತಾಂಡಾ ಅಥವಾ ದೇವದಾಸಿ ಕುಟುಂಬಗಳ ನಡುವೆ ಕೆಲಸ ಮಾಡಿದ ಮಹಿಳೆ. ಸಂಸ್ಥೆಯಲ್ಲೇ ಬೆಳೆದು ಈಗ ದುಡಿಯುತ್ತಿರುವ ಒಬ್ಬರಿಗೆ ಒಂದು ಕುರ್ಚಿ ಖಾಯಂ ಇರಲಿ. ಊಟದ ಬಗ್ಗೆ, ಹೊಡೆತದ ಬಗ್ಗೆ, ಹದಿನೆಂಟು ತುಂಬಿದ ದಿನ ಚೀಲ ಹಿಡಿದು ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದ ಬಗ್ಗೆ ಅವರು ಕೇಳುವ ಪ್ರಶ್ನೆ ಉಳಿದ ಎಂಟು ಜನಕ್ಕೆ ಹೊಳೆಯುವುದಿಲ್ಲ. ದೊಡ್ಡ ಹೆಸರಿನವರನ್ನು ಗೌರವ ಸಲಹೆಗಾರರನ್ನಾಗಿ ಮಾಡಿ, ವರ್ಷಕ್ಕೊಮ್ಮೆ ಕರೆದು ಕೂರಿಸಿ. ಕೋರಂ ಲೆಕ್ಕಕ್ಕೆ ಅವರನ್ನು ನಂಬಬೇಡಿ. ಸತತ ಮೂರು ಸಭೆಗೆ ಬಾರದ ಸದಸ್ಯರ ಸ್ಥಾನ ತೆರವಾಗುತ್ತದೆ ಎಂಬ ಸಾಲು ಬೈಲಾದಲ್ಲಿ ಇಲ್ಲದಿದ್ದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಸೇರಿಸಿಕೊಳ್ಳಿ.

ಈಗ ಹತ್ತು ನಿಮಿಷ ಚಹಾ. ಆಮೇಲೆ ನೀವು ತಂದಿರುವ ಠರಾವು ಪುಸ್ತಕಗಳನ್ನು ತೆರೆದು, ಕಳೆದ ನಾಲ್ಕು ಸಭೆಗಳಲ್ಲಿ ಮಕ್ಕಳ ಬಗ್ಗೆ ಎಷ್ಟು ಸಾಲು ಇದೆ ಎಂದು ಎಣಿಸೋಣ.