ಕ್ಯಾಟಲಾನ್ ಹಾಯಿಹಡಗಿಗೆ ಇಂಗ್ಲಿಷಿನಲ್ಲಿ ಏನನ್ನುವುದು?

ಕೇಳುಗರಿಗೆ ನಮಸ್ಕಾರ.

ಸ್ಪೇನಿನ ಬಾರ್ಸಿಲೋನಾದ ಹಳೆಯ ಬಂದರಿನಲ್ಲಿ ಮೂರು ಕೂವೆಮರಗಳ, ಅಂದರೆ ಹಾಯಿ ಕಟ್ಟುವ ಕಂಬಗಳ, ಒಂದು ಹಾಯಿಹಡಗು ಇದೆ. ಹೆಸರು ಸಾಂತಾ ಎವುಲಾಲಿಯಾ. 1918ರಲ್ಲಿ ತೊರ್ರೆವಿಯೇಹಾ ಎಂಬ ಊರಿನಲ್ಲಿ ಕಟ್ಟಿದ್ದು. 1997ರಲ್ಲಿ ಬಾರ್ಸಿಲೋನಾದ ಕಡಲ ವಸ್ತುಸಂಗ್ರಹಾಲಯ ಅದನ್ನು ಕೊಂಡು, ಮತ್ತೆ ಕಡಲಿಗಿಳಿಯುವಂತೆ ಮಾಡಿತು. ಈ ಬಗೆಯ ಹಡಗನ್ನು ಕ್ಯಾಟಲಾನ್ ಜನ, ಅಂದರೆ ಬಾರ್ಸಿಲೋನಾ ಸೀಮೆಯವರು, ಪೈಲಬೋತ್ ಎನ್ನುತ್ತಾರೆ. ಪದ ಹೋದದ್ದು ಇಂಗ್ಲಿಷಿನಿಂದಲೇ. ಪೈಲಟ್ ಬೋಟ್, ಅಂದರೆ ಬಂದರಿಗೆ ಬರುವ ಹಡಗಿಗೆ ದಾರಿ ತೋರುವವನನ್ನು ಕರೆದೊಯ್ಯುವ ದೋಣಿ. ಹಾಗಾದರೆ ಇಂಗ್ಲಿಷಿಗೆ ತರುವಾಗ ಪೈಲಟ್ ಬೋಟ್ ಅಂತಲೇ ಬರೆಯಬಹುದಲ್ವಾ? ಬರೆಯಬಾರದು. ಸಾಂತಾ ಎವುಲಾಲಿಯಾ ಸರಕು ಸಾಗಿಸಿದ ಹಡಗು. ಇಂಗ್ಲಿಷಿನಲ್ಲಿ ಅದು ಸ್ಕೂನರ್, ಹಡಗಿನ ಉದ್ದಕ್ಕೆ ಹಾಯಿ ಕಟ್ಟಿದ ಬಗೆ. ಇಂಗ್ಲಿಷಿನಿಂದ ಹೊರಟ ಪದ, ಹೊರಟ ಮನೆಗೆ ಮರಳಿ ಹೋಗಲಾರದು.

ಹಳೆಯ ಹಡಗಿನ ಹೆಸರನ್ನು ಅನುವಾದ ಮಾಡುವವರು ಮೊದಲು ನಿಘಂಟು ತೆರೆಯಬಾರದು ಎಂದು ನಾನು ನಂಬುತ್ತೇನೆ. ಮೊದಲು ಹಡಗನ್ನು ನೋಡಬೇಕು. ಕೂವೆಮರ ಎಷ್ಟು? ಯಾವ ಮರಕ್ಕೆ ಯಾವ ಹಾಯಿ? ಅಡ್ಡಡ್ಡ ಕಟ್ಟಿದ ಚೌಕದ ಹಾಯಿಯೋ, ಹಡಗಿನ ಉದ್ದಕ್ಕೆ ಕಟ್ಟಿದ್ದೋ? ಯಾವ ಕಾಲದ್ದು? ಇಷ್ಟು ಗೊತ್ತಾದ ಮೇಲೆ ಹೆಸರು ಹುಡುಕಬೇಕು.

ಇದಕ್ಕೆ ಸರಿಯಾದ ಉದಾಹರಣೆ ಬರ್ಗಂತಿ. ಕೇಳಿದ ಕೂಡಲೇ ಇಂಗ್ಲಿಷಿನ ಬ್ರಿಗಂಟೈನ್ ನೆನಪಾಗುತ್ತದೆ. ಆದರೆ 19ನೇ ಶತಮಾನದ ಕ್ಯಾಟಲಾನ್ ಬರ್ಗಂತಿಗೆ ಎರಡು ಕೂವೆಮರ, ಎರಡಕ್ಕೂ ಚೌಕದ ಹಾಯಿ. ಇಂಗ್ಲಿಷ್ ನಾವಿಕರು ಅದನ್ನು ಬ್ರಿಗ್ ಎನ್ನುತ್ತಾರೆ. ಬ್ರಿಗಂಟೈನಿನಲ್ಲಿ ಮುಂದಿನ ಮರಕ್ಕೆ ಚೌಕದ ಹಾಯಿ, ಹಿಂದಿನದಕ್ಕೆ ಮುಖ್ಯವಾಗಿ ಉದ್ದಕ್ಕೆ ಕಟ್ಟಿದ ಹಾಯಿ. ಕ್ಯಾಟಲಾನಿನಲ್ಲಿ ಅದಕ್ಕೆ ಬೇರೆಯೇ ಹೆಸರು, ಬರ್ಗಂತಿ-ಗುಲೇತಾ. ಇನ್ನೂ ಹಿಂದಕ್ಕೆ ಹೋದರೆ, ಮಧ್ಯಯುಗದ ಬರ್ಗಂತಿ ಹುಟ್ಟುಗೋಲುಗಳಿಂದ ನಡೆಸುವ ಸಣ್ಣ ಹಡಗು. ಹೆಸರು ಅದೇ, ಹಡಗು ಬೇರೆ.

ಇಲ್ಲಿ ತಪ್ಪಿದರೆ ಒಂದೆರಡು ಹಾಯಿ ಲೆಕ್ಕ ತಪ್ಪಬಹುದು, ಅಷ್ಟೇ. ಕುರ್ಬೇತಾ ಮತ್ತು ಫ್ರಗಾತಾ ವಿಷಯದಲ್ಲಿ ತಪ್ಪಿದರೆ ಇತಿಹಾಸವೇ ತಿರುಚಿಕೊಳ್ಳುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1778ರಲ್ಲಿ ಸ್ಪೇನಿನ ದೊರೆ ಅಮೆರಿಕದ ವ್ಯಾಪಾರವನ್ನು ಇನ್ನಷ್ಟು ಬಂದರುಗಳಿಗೆ ತೆರೆದ. ಬಾರ್ಸಿಲೋನಾ ಕೂಡ ಅದರಲ್ಲಿತ್ತು. ಆಮೇಲೆ ಮಸ್ನೌ, ವಿಲಸ್ಸಾರ್, ಲೊರೆತ್‌ನಂಥ ಕರಾವಳಿಯ ಸಣ್ಣ ಊರುಗಳ ಜನ ಅಟ್ಲಾಂಟಿಕ್ ದಾಟತೊಡಗಿದರು. ಹೋಗುವಾಗ ವೈನ್, ಬ್ರಾಂದಿ. ಬರುವಾಗ ಸಕ್ಕರೆ, ಹತ್ತಿ, ತೊಗಲು. ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಕ್ಯೂಬಾಕ್ಕೆ ಸಾಗಿಸಿದ ಕ್ಯಾಟಲಾನ್ ಹಡಗುಗಳೂ ಇದ್ದವು. ಅದನ್ನು ಮರೆಮಾಚಿ ಈ ಕಥೆ ಹೇಳುವುದು ಸರಿಯಲ್ಲ.

ಈ ವ್ಯಾಪಾರಿ ಹಡಗುಗಳ ಕಾಗದಪತ್ರಗಳಲ್ಲಿ ಕುರ್ಬೇತಾ, ಫ್ರಗಾತಾ ಎಂಬ ಪದಗಳು ಬರುತ್ತವೆ. ಇಂಗ್ಲಿಷ್ ಓದುಗರ ಕಣ್ಣಿಗೆ ಅವು ಕಾರ್ವೆಟ್, ಫ್ರಿಗೇಟ್. ಎರಡೂ ತೋಪು ಹೊತ್ತ ಯುದ್ಧನೌಕೆಗಳು! ನಿಜದಲ್ಲಿ ವ್ಯಾಪಾರದ ಫ್ರಗಾತಾ ಎಂದರೆ ಮೂರು ಮರ, ಮೂರಕ್ಕೂ ಚೌಕದ ಹಾಯಿ. ಇಂಗ್ಲಿಷಿನಲ್ಲಿ ಅದನ್ನು ಸುಮ್ನೆ ಶಿಪ್ ಎನ್ನುತ್ತಿದ್ದರು. ಆಗಿನ ನಾವಿಕರ ಬಾಯಲ್ಲಿ ಶಿಪ್ ಎಂದರೆ ಎಲ್ಲ ಹಡಗೂ ಅಲ್ಲ, ಇದೊಂದು ಬಗೆ ಮಾತ್ರ. ಇನ್ನು ಕುರ್ಬೇತಾ ಎಂದರೆ ಮುಂದಿನ ಎರಡು ಮರಕ್ಕೆ ಚೌಕದ ಹಾಯಿ, ಕೊನೆಯದಕ್ಕೆ ಉದ್ದಕ್ಕೆ ಕಟ್ಟಿದ ಹಾಯಿ. ಇಂಗ್ಲಿಷಿನ ಬಾರ್ಕ್. ಅನುವಾದಕರು ಕಿವಿಗೆ ಕೇಳಿದ್ದನ್ನೇ ಬರೆದರೆ, ವೈನ್ ಪೀಪಾಯಿ ಹೊತ್ತು ಹವಾನಾಕ್ಕೆ ಹೋದ ಹಡಗು ಓದುಗರ ಮನಸ್ಸಿನಲ್ಲಿ ಯುದ್ಧಕ್ಕೆ ಹೊರಟುಬಿಡುತ್ತದೆ. ಅದನ್ನು ನಡೆಸಿದ ವ್ಯಾಪಾರಿ ನಾವಿಕರು ನೌಕಾಪಡೆಯವರಾಗಿಬಿಡುತ್ತಾರೆ.

ಹಿಂದಿನ ಶತಮಾನಗಳಿಗೆ ಹೋದಷ್ಟೂ ಕಷ್ಟ ಜಾಸ್ತಿ. 1229ರಲ್ಲಿ ಕ್ಯಾಟಲಾನ್ ಜನರನ್ನೂ ಆಳುತ್ತಿದ್ದ ಅರಗಾನಿನ ಒಂದನೇ ಜಾವುಮೆ ದೊರೆ ಮಯೋರ್ಕಾ ದ್ವೀಪ ಗೆಲ್ಲಲು ಹೊರಟ. ತನ್ನ ಕಥೆಯಲ್ಲಿ ಅವನೇ ಲೆಕ್ಕ ಕೊಡುತ್ತಾನೆ. 25 ನಾವ್, 18 ತರೀದಾ, 12 ಗಲೇರಾ, ಜೊತೆಗೆ ಸಣ್ಣಪುಟ್ಟವು 100. ಗಲೇರಾ ಸುಲಭ, ಇಂಗ್ಲಿಷಿನ ಗ್ಯಾಲಿ, ಹುಟ್ಟುಗೋಲುಗಳಿಂದ ನಡೆಸುವ ಉದ್ದನೆಯ ಹಡಗು. ನಾವ್ ಎಂದರೆ ದೊಡ್ಡ ಹಾಯಿಹಡಗು. ನಮ್ಮ ನಾವೆಗೂ ಈ ನಾವ್‌ಗೂ ಬೇರು ಒಂದೇ. ಒಂದು ಸಂಸ್ಕೃತದ ದಾರಿಯಲ್ಲಿ ಬಂತು, ಇನ್ನೊಂದು ಲ್ಯಾಟಿನ್ ದಾರಿಯಲ್ಲಿ ಹೋಯಿತು. ಆದರೆ ತರೀದಾ? ಅದು ಅರಬ್ಬಿಯಿಂದ ಬಂದ ಪದ, ಕುದುರೆ ಮತ್ತು ಸರಕು ಸಾಗಿಸುವ ಹಡಗು. ಇದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿ ಹೆಸರಿಲ್ಲ. ಎಲ್ಲವನ್ನೂ ಶಿಪ್ ಎಂದು ಬರೆದರೆ, ದೊರೆ ಅಷ್ಟು ಜತನದಿಂದ ಬೇರೆ ಬೇರೆಯಾಗಿ ಎಣಿಸಿದ್ದನ್ನು ನಾವು ಒಂದೇ ರಾಶಿಗೆ ಸುರಿದಂತೆ. ತರೀದಾವನ್ನು ತರೀದಾ ಎಂದೇ ಉಳಿಸಿ, ಕುದುರೆ ಸಾಗಿಸುವ ಹಡಗು ಎಂದು ಪಕ್ಕದಲ್ಲಿ ಹೇಳಬೇಕು.

ಕೋಕಾ ಎಂಬ ಪದ ಇನ್ನೊಂದು ಬಗೆಯದು. ಇಂಗ್ಲಿಷಿನ ಕಾಗ್, ಅಂದರೆ ಉತ್ತರ ಯುರೋಪಿನ ಹಳೆಯ ಸರಕು ಹಡಗಿನ ಹೆಸರು, ಇದರ ಬಂಧುವೇ. ಅಟ್ಲಾಂಟಿಕ್ ಕಡೆಯ ಬಾಯೋನ್ ಊರಿನವರು 14ನೇ ಶತಮಾನದ ಆರಂಭದಲ್ಲಿ ಇಂಥ ಹಡಗುಗಳಲ್ಲಿ ಮೆಡಿಟರೇನಿಯನ್ನಿಗೆ ಬಂದರು, ಅವರನ್ನು ನೋಡಿ ಜಿನೋವಾ, ವೆನಿಸ್ ಮತ್ತು ಕ್ಯಾಟಲಾನ್ ಜನರೂ ಕಟ್ಟತೊಡಗಿದರು ಎಂದು ಫ್ಲಾರೆನ್ಸಿನ ಇತಿಹಾಸಕಾರ ಜೊವಾನ್ನಿ ವಿಲ್ಲಾನಿ ಬರೆದಿದ್ದಾನೆ. ಆದರೆ ಉತ್ತರದ ಕಾಗ್‌ನಲ್ಲಿ ಪಕ್ಕದ ಹಲಗೆಗಳು ಹೆಂಚಿನಂತೆ ಒಂದರ ಮೇಲೊಂದು ಕೂರುತ್ತವೆ. ದಕ್ಷಿಣದವರು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಕಟ್ಟಿದರು. ಮತರೋ ಊರಿನ ಹತ್ತಿರದ ಗುಡಿಯೊಂದರಲ್ಲಿ ಹರಕೆಯಾಗಿ ಇಟ್ಟಿದ್ದ 15ನೇ ಶತಮಾನದ ಹಡಗಿನ ಮಾದರಿ ಈಗ ರಾಟರ್ಡ್ಯಾಮಿನಲ್ಲಿದೆ. ಅದನ್ನು ಮತರೋದ ಕೋಕಾ ಎನ್ನುತ್ತಾರೆ. ಅದರ ಹಲಗೆಗಳೂ ಅಂಚಿಗೆ ಅಂಚು. ಅದನ್ನು ಕಾಗ್ ಎಂದರೆ ಓದುಗರು ಜರ್ಮನಿಯ ತಣ್ಣನೆಯ ಕಡಲಿನ ಹಡಗನ್ನು ಕಲ್ಪಿಸಿಕೊಳ್ಳುತ್ತಾರೆ. ನಾನಾದರೆ ಕೋಕಾ ಎಂದೇ ಬಿಡುತ್ತೇನೆ.

ಶಬೆಕ್ ಎಂಬ ಮೆಡಿಟರೇನಿಯನ್ ಹಾಯಿಹಡಗಿನ ಹೆಸರು ಮಾತ್ರ ತಂಟೆ ಮಾಡುವುದಿಲ್ಲ. ಅರಬ್ಬಿಯಿಂದ ಬಂದು, ಇಂಗ್ಲಿಷಿನಲ್ಲಿಯೂ ಜೀಬೆಕ್ ಆಗಿ ನೆಲೆಸಿದೆ. ಹಾಗೇ ಬರೆಯಬಹುದು. ಮೀನುಗಾರರ ಪುಟ್ಟ ಯಾವುತ್ ದೋಣಿಗೆ ಇಂಗ್ಲಿಷಿನಲ್ಲಿ ಜೋಡಿ ಹುಡುಕುತ್ತಾ ಕೂರುವುದು ಬೇಡ. ಒಂದೇ ಮರ, ತ್ರಿಕೋನದ ಹಾಯಿ ಎಂದು ಒಮ್ಮೆ ಹೇಳಿ, ಮುಂದೆ ಯಾವುತ್ ಎಂದೇ ಬರೆದರೆ ಸಾಕು. ಓದುಗರು ಕಲಿತುಕೊಳ್ಳುತ್ತಾರೆ.

ನಮಸ್ಕಾರ.