ಆನೆ ಊರಿಗೆ ಬಂದದ್ದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ. ಸರ್ಕಸ್ ಆನೆಗಳ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದವರು ಊರ ಚರಿತ್ರೆ ಬರೆಯಬೇಕೆಂದು ಟಿಪ್ಪಣಿ ಮಾಡಿಟ್ಟುಕೊಂಡವರು, ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವರು. ನಿಮಗೆ ನಾನು ಹೇಳುವುದು ಒಂದೇ ಮಾತು. ಯಾವುದೋ ಊರಿನ ಆನೆಯ ಕಥೆ ಕಿವಿಗೆ ಬಿದ್ದರೆ, ಆನೆ ಏನು ಮಾಡಿತು ಅನ್ನುವುದನ್ನು ಆಮೇಲೆ ಕೇಳಿ. ಅದು ಆ ಊರಿಗೆ ಬಂದದ್ದು ಹೇಗೆ ಎಂದು ಮೊದಲು ಕೇಳಿ. ನಡೆದು ಬಂತೇ? ರೈಲಿನಲ್ಲೇ? ಲಾರಿಯಲ್ಲೇ?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸೋಮರ್ಸ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಹ್ಯಾಕಲಯ ಬೇಯ್ಲಿ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದು ಹೆಣ್ಣಾನೆ ಕೊಂಡ. ಓಲ್ಡ್ ಬೆಟ್ ಅಂತ ಅದರ ಹೆಸರು. ಆಗ ರೈಲಿಲ್ಲ, ಆನೆ ಊರಿಂದೂರಿಗೆ ನಡೆದೇ ಹೋಗಬೇಕು. ಹಗಲು ನಡೆಸಿದರೆ ದಾರಿಯಲ್ಲಿ ನಿಂತವರೆಲ್ಲ ಬಿಟ್ಟಿಯಾಗಿ ನೋಡಿಬಿಡುತ್ತಾರಲ್ಲ, ಅದಕ್ಕೆ ರಾತ್ರಿ ಹೊತ್ತು ನಡೆಸುತ್ತಿದ್ದರು. 1816ರಲ್ಲಿ, ಈಗಿನ ಮೇನ್ ರಾಜ್ಯದ ಆಲ್ಫ್ರೆಡ್ ಎಂಬ ಊರಲ್ಲಿ ಒಬ್ಬ ಅದಕ್ಕೆ ಗುಂಡು ಹೊಡೆದು ಕೊಂದ. ಬೇಯ್ಲಿ ಸೋಮರ್ಸ್‌ನಲ್ಲಿ ಕಟ್ಟಿಸಿದ ಎಲಿಫೆಂಟ್ ಹೋಟೆಲ್ ಇವತ್ತು ಆ ಊರಿನ ಆಡಳಿತ ಕಚೇರಿ. ಅದರ ಎದುರಿನ ಕಲ್ಲುಕಂಬದ ತುದಿಯಲ್ಲಿ ಪುಟ್ಟದೊಂದು ಆನೆ ನಿಂತಿದೆ.

ರೈಲು ಬಂದ ಮೇಲೆ ಎಲ್ಲ ಬದಲಾಯಿತು. ಆನೆ ಒಂದು ರಾತ್ರಿಯಲ್ಲಿ ನೂರಾರು ಕಿಲೋಮೀಟರ್ ದಾಟತೊಡಗಿತು. ಇಲ್ಲಿ ನಾನು ಜಂಬೋನ ಕಥೆ ಹೇಳಲೇಬೇಕು. ಜಂಬೋ ಜೆಟ್, ಜಂಬೋ ಪ್ಯಾಕ್ ಅನ್ನುತ್ತೇವಲ್ಲ, ದೊಡ್ಡದು ಎಂಬ ಅರ್ಥ ಆ ಪದಕ್ಕೆ ಅಂಟಿದ್ದು ಇದೇ ಆನೆಯಿಂದ. ಆಫ್ರಿಕದಲ್ಲಿ ಮರಿಯಾಗಿ ಸೆರೆಸಿಕ್ಕು, ಪ್ಯಾರಿಸ್ ಸೇರಿ, 1865ರಲ್ಲಿ ಲಂಡನ್ ಮೃಗಾಲಯಕ್ಕೆ ಬಂತು. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗಾಡಿಸುತ್ತಿತ್ತು. 1882ರಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್ 2,000 ಪೌಂಡ್ ಕೊಟ್ಟು ಅದನ್ನು ಕೊಂಡ. ಕಳಿಸಬೇಡಿ ಎಂದು ಮಕ್ಕಳು ರಾಣಿಗೇ ಪತ್ರ ಬರೆದರು. ಹಡಗಿನ ಕಡೆ ನಡೆಸಲು ಹೋದರೆ ಜಂಬೋ ರಸ್ತೆಯಲ್ಲೇ ಮಲಗಿಬಿಟ್ಟಿತು. ಆದರೂ ಬಿಡಲಿಲ್ಲ, ಸಾಗಿಸಿದರು.

ಮೂರು ವರ್ಷ ಅದು ರೈಲಿನಲ್ಲಿ ಊರೂರು ತಿರುಗಿತು. 1885ರ ಸೆಪ್ಟೆಂಬರ್ 15ರಂದು ಕೆನಡಾದ ಒಂಟಾರಿಯೊದ ಸೇಂಟ್ ಥಾಮಸ್‌ನಲ್ಲಿ ಆಟ. ಹಲವು ರೈಲು ಮಾರ್ಗಗಳು ಕೂಡುವ ಊರು ಅದು. ರಾತ್ರಿ ಆಟ ಮುಗಿಯಿತು. ಆನೆಗಳನ್ನು ಒಂದೊಂದಾಗಿ ಹಳಿಯ ಗುಂಟ ನಡೆಸಿ ಗಾಡಿಗೆ ಹತ್ತಿಸುತ್ತಿದ್ದಾರೆ. ಕೊನೆಗೆ ಉಳಿದದ್ದು ಜಂಬೋ ಮತ್ತು ಟಾಮ್ ಥಂಬ್ ಎಂಬ ಗಿಡ್ಡ ಆನೆ. ಲಂಡನ್ನಿನಿಂದಲೂ ಜಂಬೋನ ಜೊತೆಗಿದ್ದ ಮಾವುತ ಮ್ಯಾಥ್ಯೂ ಸ್ಕಾಟ್ ಪಕ್ಕದಲ್ಲಿದ್ದಾನೆ. ಯಾರೂ ನಿರೀಕ್ಷಿಸದ ಒಂದು ಗೂಡ್ಸ್ ರೈಲು ಹಿಂದಿನಿಂದ ಬಂತು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಸರ್ಕಸ್ ಗಾಡಿಗಳ ಸಾಲು. ಸರಿದು ನಿಲ್ಲಲು ಜಾಗವಿಲ್ಲ. ಗಿಡ್ಡ ಆನೆಯ ಕಾಲು ಮುರಿಯಿತು, ಅದು ಬದುಕಿತು. ಎಂಜಿನ್ನಿಗೂ ಗಾಡಿಗಳಿಗೂ ನಡುವೆ ಸಿಕ್ಕಿಕೊಂಡ ಜಂಬೋ ಕೆಲವೇ ನಿಮಿಷಗಳಲ್ಲಿ ಸತ್ತಿತು. ಎಂಜಿನ್ ಹಳಿ ತಪ್ಪಿತು. ಸ್ಕಾಟ್ ಅದರ ಪಕ್ಕ ಕೂತು ಅತ್ತ.

ಆ ಗಿಡ್ಡ ಆನೆಯನ್ನು ಉಳಿಸಲು ಜಂಬೋ ಪ್ರಾಣ ಕೊಟ್ಟಿತು ಅನ್ನುವ ಕಥೆ ನೀವೂ ಕೇಳಿರಬಹುದು. ದಯವಿಟ್ಟು ಮಕ್ಕಳಿಗೆ ಅದನ್ನು ನಿಜವೆಂದು ಹೇಳಬೇಡಿ. ಅದು ಬಾರ್ನಮ್ ಹಬ್ಬಿಸಿದ್ದು. ಅವನು ಜಂಬೋನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ ಒಂದು ಕಡೆ, ಎಲುಬುಗೂಡು ಇನ್ನೊಂದು ಕಡೆ ನಿಲ್ಲಿಸಿ ಎರಡನ್ನೂ ದುಡ್ಡಿಗೆ ತೋರಿಸಿದ. ಲಂಡನ್ನಿನಿಂದ ಆಲಿಸ್ ಎಂಬ ಹೆಣ್ಣಾನೆ ತರಿಸಿ, ಇವಳೇ ಜಂಬೋನ ವಿಧವೆ ಎಂದು ಪಕ್ಕದಲ್ಲಿ ನಿಲ್ಲಿಸಿದ. ಆ ಚರ್ಮದ ಜಂಬೋ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿತ್ತು, 1975ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಬೂದಿಯನ್ನು ಒಂದು ಕಡಲೆಕಾಯಿ ಬೆಣ್ಣೆಯ ಡಬ್ಬಿಯಲ್ಲಿ ತುಂಬಿಟ್ಟಿದ್ದಾರೆ. ಅಷ್ಟು ದೊಡ್ಡ ಜೀವದ ಬೂದಿ ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ! ಸೇಂಟ್ ಥಾಮಸ್ ಊರಿನವರು ಮಾತ್ರ 1985ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಆನೆಯಷ್ಟೇ ದೊಡ್ಡ ಪ್ರತಿಮೆ ನಿಲ್ಲಿಸಿದರು. ಆ ಊರಿಗೆ ಜಂಬೋ ಸಿಕ್ಕಿದ್ದು ರೈಲಿನಿಂದ, ಕಳೆದುಹೋದದ್ದೂ ರೈಲಿನಿಂದ.

ಸಮಯ ಓಡುತ್ತಿದೆ, ಇನ್ನೆರಡನ್ನು ಬೇಗ ಹೇಳುತ್ತೇನೆ. 1916ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಕಿಂಗ್ಸ್‌ಪೋರ್ಟ್‌ನಲ್ಲಿ ಮೇರಿ ಎಂಬ ಸರ್ಕಸ್ ಆನೆ ತನ್ನನ್ನು ನಡೆಸುತ್ತಿದ್ದವನನ್ನು ಕೊಂದಿತು. ಮರುದಿನ ಅದನ್ನು ಅರ್ವಿನ್ ಎಂಬ ಊರಿಗೆ ಒಯ್ದು ಗಲ್ಲಿಗೇರಿಸಿದರು. ಅರ್ವಿನ್ನೇ ಯಾಕೆ? ಅಲ್ಲಿ ರೈಲ್ವೆ ಯಾರ್ಡ್ ಇತ್ತು, ಗಾಡಿಗಳನ್ನು ಎತ್ತುವ ಕ್ರೇನ್ ಇತ್ತು. ಮೊದಲ ಸಲ ಸರಪಳಿ ತುಂಡಾಗಿ ಆನೆ ಕೆಳಗೆ ಬಿತ್ತು. ದಪ್ಪ ಸರಪಳಿ ತಂದು ಮತ್ತೆ ಎತ್ತಿದರು. ಮಾಡಿಸಿದ್ದು ಸರ್ಕಸ್ಸಿನವರು, ಕೆಟ್ಟ ಹೆಸರು ಮಾತ್ರ ಆ ಊರಿಗೆ ಉಳಿಯಿತು. ನೋಡಿ, ಕ್ರೇನ್ ಬೇರೆ ಊರಲ್ಲಿ ಇದ್ದಿದ್ದರೆ ಅರ್ವಿನ್ ಹೆಸರನ್ನು ನಾನಿವತ್ತು ಎತ್ತುತ್ತಲೇ ಇರಲಿಲ್ಲ. ಅದಕ್ಕೇ ಹೇಳುವುದು, ಆನೆ ಹೇಗೆ ಬಂತು ಎಂದು ಮೊದಲು ಕೇಳಿ ಅಂತ.

ಕೊನೆಯದು ಇಲಿನಾಯ್ ರಾಜ್ಯದ ಓಕ್ವಾಕ. 1972ರ ಜುಲೈ 17, ಒಂದು ಸಣ್ಣ ಸರ್ಕಸ್ ಬಂದಿತ್ತು. ನಾರ್ಮಾ ಜೀನ್ ಎಂಬ ಆನೆಯನ್ನು ಮರಕ್ಕೆ ಸರಪಳಿಯಲ್ಲಿ ಕಟ್ಟಿದ್ದರು. ಸಿಡಿಲು ಮರಕ್ಕೆ ಬಡಿದು ಸರಪಳಿಯ ಮೂಲಕ ಆನೆಗೆ ಹರಿಯಿತು. ಸುಮಾರು 3 ಟನ್ ತೂಕದ ದೇಹ. ಜೀವವಿದ್ದಾಗ ತಾನೇ ಹೆಜ್ಜೆಯಿಟ್ಟು ಗಾಡಿ ಹತ್ತುತ್ತಿದ್ದ ಆನೆಯನ್ನು ಸತ್ತ ಮೇಲೆ ಎತ್ತಿ ಸಾಗಿಸುವುದಾಗಲಿಲ್ಲ. ಬಿದ್ದ ಜಾಗದಲ್ಲೇ ಗುಂಡಿ ತೋಡಿ ಹೂತರು. ಅಲ್ಲೀಗ ಒಂದು ಕಲ್ಲಿನ ಗೋಡೆಯಿದೆ, ಗೋಡೆಯ ಮೇಲೆ ಸಣ್ಣದೊಂದು ಆನೆ.

ನಮಸ್ಕಾರ.